ಬಣ್ಣಕ್ಕೆ ಮುಂಚಿನ ಕೆಲಸ

ಹಳೆಯ ಗಾಡಿ ಕೊಳ್ಳಲು ಹೊರಟವನು ಹೊಸ ಬಣ್ಣಕ್ಕೆ ಹೆದರಬೇಕು. ಕರಾವಳಿಯ ಗ್ಯಾರೇಜುಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು. ಬಿಸಿಲಿಗೆ ಮಂಕಾದ, ಗೀರು ಬಿದ್ದ, ಅಲ್ಲಲ್ಲಿ ತುಕ್ಕಿನ ಚುಕ್ಕೆ ತೋರುವ ಗಾಡಿಯಾದರೆ ಅದರ ಸ್ಥಿತಿ ಕಣ್ಣಿಗೇ ಕಾಣುತ್ತದೆ; ಅದಕ್ಕೆ ತಕ್ಕ ಬೆಲೆ ಕೇಳಬಹುದು. ಫಳಫಳ ಹೊಳೆಯುವ 15 ವರ್ಷದ ಗಾಡಿಗೆ ಮಾತ್ರ ಅಯಸ್ಕಾಂತ ಬೇಕು. ಬಾಗಿಲಿನ ಕೆಳಗಂಚಿಗೆ, ಚಕ್ರದ ಮೇಲಿನ ಕಮಾನಿಗೆ ಹಿಡಿದು ನೋಡಿದರೆ, ಕೆಳಗೆ ತಗಡಿದ್ದಲ್ಲಿ ಟಕ್ಕೆಂದು ಅಂಟುತ್ತದೆ. ದಪ್ಪ ಪುಟ್ಟಿ ಮೆತ್ತಿದ್ದಲ್ಲಿ ಹಿಡಿತ ಸಡಿಲವಾಗುತ್ತದೆ. ತಗಡು ಪೂರ್ತಿ ತಿಂದುಹೋಗಿ ಪುಟ್ಟಿಯೇ ಬಾಗಿಲಾಗಿದ್ದಲ್ಲಿ ಅಯಸ್ಕಾಂತ ಜಾರಿ ಕೆಳಗೆ ಬೀಳುತ್ತದೆ.

ಬಣ್ಣವೆಂದರೆ ಮುಚ್ಚುಮರೆ ಎಂಬ ಈ ಅನುಮಾನ ಗಾಡಿಗಳಿಗಷ್ಟೇ ನಿಂತಿಲ್ಲ. ಮೇಲೆ ಬಳಿದದ್ದೆಲ್ಲ ಸುಳ್ಳು, ಕೆರೆದು ತೋರಿಸಿದ್ದೆಲ್ಲ ನಿಜ ಎಂದು ನಂಬಿದವರ ನಡುವೆ ನಾನು ಬೆಳೆದವನು; ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೂ ಹೆಚ್ಚು ಕಡಿಮೆ ಅದನ್ನೇ ಹೇಳಿದವನು. ನಿವೃತ್ತಿಯ ನಂತರ, ಕುಂದಾಪುರದ ಈಚೆಗೆ ಹೆದ್ದಾರಿ 66ರ ಬದಿಯಲ್ಲಿರುವ ಟಿಂಕರಿಂಗ್ ಮತ್ತು ಪೇಂಟಿಂಗ್ ಶೆಡ್ಡೊಂದರಲ್ಲಿ ಸಂಜೆಗಳನ್ನು ಕಳೆಯತೊಡಗಿದ ಮೇಲೆ, ವಿಷಯ ಅಷ್ಟು ಸರಳವಲ್ಲ ಎನ್ನಿಸಿದೆ. ಅಲ್ಲಿ ಕೆರೆಯುವ ಕೈಯೂ ಬಳಿಯುವ ಕೈಯೂ ಒಂದೇ. ಎರಡರಲ್ಲಿ ಯಾವುದು ಹೆಚ್ಚು ಪ್ರಾಮಾಣಿಕ ಎಂದು ಆ ಕೈಯನ್ನು ಕೇಳಿದರೆ ಅದಕ್ಕೆ ಪ್ರಶ್ನೆಯೇ ಅರ್ಥವಾಗಲಿಕ್ಕಿಲ್ಲ.

ಶೆಡ್ಡಿನ ಮೇಸ್ತ್ರಿ ಗಾಡಿ ಬಂದ ಕೂಡಲೇ ಕಣ್ಣಿನಿಂದ ನೋಡುವುದಿಲ್ಲ. ಮೊದಲು ನೀರು ಹಾಕಿ ತೊಳೆಸುತ್ತಾರೆ. ಒಣಗಿದ ಮೇಲೆ ತೆಳ್ಳನೆಯ ಹತ್ತಿಬಟ್ಟೆಯೊಂದನ್ನು ಅಂಗೈಗೆ ಹಾಕಿಕೊಂಡು ಬಾಗಿಲಿನ ಉದ್ದಕ್ಕೂ ಸವರುತ್ತ ಹೋಗುತ್ತಾರೆ. ಬರಿಗೈಯ ಬೆವರು ಚರ್ಮವನ್ನು ಹಿಡಿದು ನಿಲ್ಲಿಸುತ್ತದೆ, ಬಟ್ಟೆಯಿದ್ದರೆ ಕೈ ಜಾರುತ್ತದೆ, ಜಾರುವಾಗ ಕೂದಲೆಳೆಯಷ್ಟು ಉಬ್ಬು ಕೂಡ ತಿಳಿಯುತ್ತದೆ. ಎಲ್ಲಿ ಕೈ ತಡೆಯಿತೋ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗುರುತು. ಗುರುತು ಹಾಕಿದ ಕೆಲವು ಜಾಗಗಳಲ್ಲಿ ನನ್ನ ಕಣ್ಣಿಗೆ ಒಳ್ಳೆಯ ಬಣ್ಣದ ಹೊರತು ಏನೂ ಕಾಣುತ್ತಿರಲಿಲ್ಲ.

“ಇದು ಹೊರಗಿನದ್ದು ಮಾಷ್ಟ್ರೆ, ಕಲ್ಲು ತಾಗಿ ಆದದ್ದು. ಉಜ್ಜಿದರೆ ಹೋಗ್ತದೆ,” ಎಂದು ಬಾನೆಟ್ಟಿನ ಮೇಲಿನ ಕಂದು ಚುಕ್ಕೆ ತೋರಿಸಿ ಹೇಳಿದರು ಒಮ್ಮೆ. ಬಾಗಿಲಿನ ಕೆಳಗಂಚಿನ ಒಂದು ಸಣ್ಣ ಗುಳ್ಳೆಯ ಮೇಲೆ ಬೆರಳಿಟ್ಟು, “ಇದು ಒಳಗಿಂದ ಬಂದದ್ದು. ನಾವು ಎಷ್ಟು ಉಜ್ಜಿದರೂ ಇದು ಹೊರಗೆ ಬರ್ತಲೇ ಇರ್ತದೆ,” ಎಂದರು.

ಮೇಲ್ಮೈ ತುಕ್ಕಿನ ಇಡೀ ಶಾಸ್ತ್ರ ಈ ಎರಡು ಮಾತುಗಳಲ್ಲಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಕಾರಿನ ಹೊರಮೈಯ ತಗಡು ಸಾಮಾನ್ಯವಾಗಿ ಮುಕ್ಕಾಲು ಮಿಲಿಮೀಟರ್ ಆಸುಪಾಸು ದಪ್ಪ. ಕಾರ್ಖಾನೆಯಲ್ಲಿ ಅದರ ಮೇಲೆ ಕೂರಿಸಿದ ಪದರಗಳೆಲ್ಲ ಸೇರಿದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು: ಇಡೀ ಒಡಲನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಅಂಟಿಸುವ ಮೊದಲ ಪ್ರೈಮರ್, ಮೇಲಿನ ಸರ್ಫೇಸರ್, ಬಣ್ಣ, ಅದರ ಮೇಲೊಂದು ಪಾರದರ್ಶಕ ಲೇಪ. ಲಾರಿಯ ಚಕ್ರದಿಂದ ಚಿಮ್ಮಿದ ಜಲ್ಲಿಯೊಂದು ಇಷ್ಟನ್ನೂ ಒಂದೇ ಪೆಟ್ಟಿಗೆ ಸೀಳುತ್ತದೆ. ಅಲ್ಲಿಂದ ಶುರುವಾದದ್ದು ಹೊರಗಿನ ತುಕ್ಕು. ಒಳಗಿನದರ ದಾರಿ ಬೇರೆ. ಬಾಗಿಲಿನ ಗಾಜಿನ ಬೀಡಿಂಗಿನಿಂದ ಇಳಿದ ಮಳೆನೀರು ಹೊರಹೋಗಲೆಂದು ಬಾಗಿಲಿನ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಮಣ್ಣು, ತರಗೆಲೆಯ ಪುಡಿ ಸೇರಿ ಅವು ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ. ತಿಂಗಳುಗಟ್ಟಲೆ ನಿಂತ ಆ ನೀರು ತಗಡನ್ನು ಒಳಗಿನಿಂದ ತಿಂದು ಮುಗಿಸಿದ ಮೇಲಷ್ಟೇ ಹೊರಗೆ ಗುಳ್ಳೆ ಏಳುತ್ತದೆ. ಒಂದು ತಂತಿ ತೂರಿಸಿ ಆ ತೂತು ಬಿಡಿಸುವುದಕ್ಕೆ ನಿಮಿಷವೂ ಬೇಡ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಗಾಡಿ ಓಡಿಸುವ ಎಷ್ಟು ಜನರಿಗೆ ಆ ತೂತು ಇರುವುದು ಗೊತ್ತು?

ತುಕ್ಕು ಯಾಕೆ ಬರುತ್ತದೆ ಎಂದು ಶಾಲೆಯಲ್ಲಿ ನಾವು ಹೇಳಿಕೊಡುವುದು ಅರ್ಧ ಸತ್ಯ. ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು. ಹಾಗಾದರೆ ಗಾಳಿ ಹೆಚ್ಚು ತಾಗುವ ಕಡೆ ತುಕ್ಕು ಹೆಚ್ಚಾಗಬೇಕು, ಗಾಳಿ ತಾಗದ ಕಡೆ ಕಬ್ಬಿಣ ಸುರಕ್ಷಿತವಾಗಿರಬೇಕು ಎಂದು ಯಾರಿಗಾದರೂ ತೋಚುತ್ತದೆ. ಕೇಂಬ್ರಿಜ್‌ನ ವಿಜ್ಞಾನಿ ಯುಲಿಕ್ ಇವಾನ್ಸ್ 1920ರ ದಶಕದಲ್ಲಿ ಇದು ತಲೆಕೆಳಗು ಎಂದು ತೋರಿಸಿದರು. ಅವರ ಪ್ರಯೋಗ ಯಾವ ಹೈಸ್ಕೂಲಿನಲ್ಲೂ ಮಾಡಬಹುದಾದಷ್ಟು ಸರಳ. ಉಜ್ಜಿ ಸ್ವಚ್ಛಗೊಳಿಸಿದ ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿ. ಆ ಹನಿಯಲ್ಲಿ ಕಬ್ಬಿಣ ಕರಗುವ ಕಡೆ ನೀಲಿಯಾಗುವ, ಕ್ಷಾರ ಹುಟ್ಟುವ ಕಡೆ ಗುಲಾಬಿಯಾಗುವ ಎರಡು ಸೂಚಕಗಳು. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುವೆ ನೀಲಿ ಮೂಡುತ್ತದೆ, ಅಂಚಿನ ಸುತ್ತ ಗುಲಾಬಿ. ಹನಿಯ ಅಂಚು ತೆಳು, ಅಲ್ಲಿ ಗಾಳಿಯ ಆಮ್ಲಜನಕ ಸುಲಭವಾಗಿ ಇಳಿಯುತ್ತದೆ. ನಡುವೆ ನೀರು ದಪ್ಪ, ಆಮ್ಲಜನಕಕ್ಕೆ ಬರಗಾಲ. ಆಮ್ಲಜನಕವಿಲ್ಲದ ನಡುವಿನ ಕಬ್ಬಿಣವೇ ಕರಗಿ ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವು ಲೋಹದೊಳಗಿನಿಂದ ಅಂಚಿಗೆ ಹರಿದು ಅಲ್ಲಿನ ಆಮ್ಲಜನಕಕ್ಕೆ ಸಲ್ಲುತ್ತವೆ. ಎರಡೂ ಕಡೆಯ ಉತ್ಪನ್ನಗಳು ಸಂಧಿಸುವ ನಡುವಣ ಉಂಗುರದಲ್ಲಿ ಕಂದು ತುಕ್ಕು ಕೂರುತ್ತದೆ.

ತುಕ್ಕು ಕಾಣುವ ಜಾಗ ಒಂದು, ಕಬ್ಬಿಣ ಸವೆಯುವ ಜಾಗ ಇನ್ನೊಂದು. ಈ ಮಾತನ್ನು ಮೊದಲ ಸಲ ಸರಿಯಾಗಿ ಗ್ರಹಿಸಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಬಣ್ಣದ ಗುಳ್ಳೆಯ ಕೆಳಗೆ, ಕೆಸರಿನ ಹೆಪ್ಪಿನ ಕೆಳಗೆ, ಎರಡು ತಗಡುಗಳು ಒಂದರ ಮೇಲೊಂದು ಕೂರುವ ಸಂದಿಯಲ್ಲಿ, ಗಾಳಿ ಸುಳಿಯದ ಕಡೆಯೇ ನಷ್ಟ ಆಳವಾಗುತ್ತದೆ. ಗಾಳಿಗೆ ಮೈಯೊಡ್ಡಿ ಆರೋಗ್ಯವಾಗಿ ಕಾಣುವ ಪಕ್ಕದ ಲೋಹವು ಆ ನಷ್ಟದಲ್ಲಿ ಪಾಲುದಾರ. ಅದರ ನೆರವಿಲ್ಲದೆ ಈ ಕ್ರಿಯೆ ನಡೆಯುವುದೇ ಇಲ್ಲ. ಇಷ್ಟೇ ಅಲ್ಲ. ಅಂಚಿನಲ್ಲಿ ಹುಟ್ಟಿದ ಕ್ಷಾರ ಬಣ್ಣದ ಹಿಡಿತವನ್ನು ಸಡಿಲಿಸುತ್ತದೆ. ಆದ್ದರಿಂದ ಕಂದು ಕಲೆ ಒಂದು ಬೆರಳಗಲ ಇದ್ದರೆ ಬಣ್ಣ ಬಿಟ್ಟುಕೊಂಡಿರುವುದು ಅದಕ್ಕಿಂತ ಅಗಲದಲ್ಲಿ. ಮೇಸ್ತ್ರಿಯ ಸೀಮೆಸುಣ್ಣದ ಗುರುತು ಕಲೆಗಿಂತ ಯಾವಾಗಲೂ ದೊಡ್ಡದಾಗಿರುತ್ತಿದ್ದುದು ಇದಕ್ಕೇ. ಅವರು ಇವಾನ್ಸರ ಹೆಸರು ಕೇಳಿದವರಲ್ಲ. ಚೆನ್ನಾಗಿದ್ದ ಬಣ್ಣವನ್ನು ಯಾಕೆ ಕೆರೆಯುತ್ತೀರಿ ಎಂದು ಗಿರಾಕಿಗಳು ತಕರಾರು ಮಾಡಿದಾಗ ಅವರು ವಾದ ಮಾಡುತ್ತಿರಲಿಲ್ಲ. ಪುಟ್ಟಿ ಹಾಕುವ ಪಟ್ಟಿಯ ಮೂಲೆಯನ್ನು ಆ ಚೆನ್ನಾಗಿದ್ದ ಬಣ್ಣದ ಅಂಚಿಗೆ ತೂರಿಸಿ ಮೆಲ್ಲನೆ ಎಬ್ಬಿಸುತ್ತಿದ್ದರು. ಬಣ್ಣ ಹಾಳೆಯಾಗಿ ಎದ್ದು ಬರುತ್ತಿತ್ತು, ಕೆಳಗೆ ಕಪ್ಪು.

ಕರಾವಳಿಯಲ್ಲಿ ಇದಕ್ಕೆಲ್ಲ ಉಪ್ಪಿನ ಕಾಟ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಮರಿಗೆಯಲ್ಲಿ ಕಲ್ಲುಪ್ಪು ನೀರೊಡೆಯುವುದನ್ನು ನೋಡದವರಿಲ್ಲ. ಶುದ್ಧ ಅಡುಗೆ ಉಪ್ಪು ನೀರೊಡೆಯಬೇಕಾದರೆ ಗಾಳಿಯ ತೇವಾಂಶ ಶೇಕಡಾ 75ರಷ್ಟಾಗಬೇಕು. ಆದರೆ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ ಶೇಕಡಾ 33ರಷ್ಟು ತೇವಾಂಶ ಸಾಕು. ನಮ್ಮ ಕಡೆ ಗಾಳಿ ಅಷ್ಟು ಒಣಗುವ ದಿನಗಳು ಅಪರೂಪ. ಹಾಗಾಗಿ ಕಡಲ ಗಾಳಿಯ ಉಪ್ಪು ಕೂತ ತಗಡು ಮುಟ್ಟಿದರೆ ಒಣಗಿದೆ ಎನ್ನಿಸಿದರೂ ನಿಜಕ್ಕೂ ಒಣಗಿರುವುದಿಲ್ಲ. ಮಲ್ಪೆಯಿಂದ, ಗಂಗೊಳ್ಳಿಯಿಂದ ಮಂಜುಗಡ್ಡೆಯ ಜೊತೆ ಮೀನು ಹೊತ್ತು ಬರುವ ಟೆಂಪೊಗಳ ಅವಸ್ಥೆ ಕೇಳುವುದೇ ಬೇಡ. ಅವುಗಳ ಒಡಲಿನಿಂದ ಉಪ್ಪುನೀರು ಹಗಲಿರುಳು ತೊಟ್ಟಿಕ್ಕುತ್ತಿರುತ್ತದೆ. ಕಾರನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಬಿಗಿಯಾಗಿ ಮುಚ್ಚಿ ಅಂಗಳದಲ್ಲಿ ನಿಲ್ಲಿಸಿ ಊರಿಗೆ ಹೋಗುವವರದು ಇನ್ನೊಂದು ಬಗೆ. ಕೆಳಗಿನ ನೆಲದ ತೇವ ಏರಿ, ಹೊದಿಕೆಯ ಒಳಮೈಯಲ್ಲಿ ಹನಿಗಟ್ಟಿ, ಬಯಲಲ್ಲಿ ನೆನೆದು ಒಣಗುವ ಗಾಡಿಗಿಂತ ಆ ಗಾಡಿ ಬೇಗ ಕೆಡುತ್ತದೆ. ಮುಚ್ಚುವುದರ ಬಗ್ಗೆ ಅನುಮಾನ ಪಡುವವರಿಗೆ ಇಷ್ಟು ಸಾಕ್ಷಿ ಸಾಕು. ನನಗೂ ಬಹಳ ಕಾಲ ಸಾಕೆನಿಸಿತ್ತು.

ಆದರೆ ಉಜ್ಜುವುದನ್ನು ನೋಡಬೇಕು. 80 ನಂಬರಿನ ಎಮೆರಿ ಪೇಪರಿನಿಂದ ಶುರು. ತುಕ್ಕಿನ ಹೊರಪದರ ಕೆಂಪು ಧೂಳಾಗಿ ಉದುರುತ್ತದೆ. ಆಮೇಲೆ 180, ಆಮೇಲೆ 320. ನಡುವಿನ ಬರಿ ಲೋಹದಿಂದ ಗಟ್ಟಿ ಬಣ್ಣದ ತನಕ ಒಂದು ಇಳಿಜಾರು ಮಾಡಬೇಕು. ಅಂಚು ಕೈಗೆ ಸಿಗಬಾರದು. ಸಿಕ್ಕರೆ ಮುಂದೆ ಎಷ್ಟು ಬಣ್ಣ ಹೊಡೆದರೂ ಬಿಸಿಲಿನಲ್ಲಿ ಆ ಗೆರೆ ಕಾಣುತ್ತದೆ. ಇಳಿಜಾರು ಆಗುತ್ತ ಬಂದಂತೆ, ಕಡಿದ ಮರದ ಬುಡದಲ್ಲಿ ವರ್ಷಗಳು ಉಂಗುರಗಳಾಗಿ ಕಾಣುವಂತೆ, ಗಾಡಿಯ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಹೊರಗಿನ ಬಿಳಿಯ ಕೆಳಗೆ ಬೂದು, ಅದರ ಕೆಳಗೆ ಯಾರೋ ಹಿಂದಿನ ಮಾಲೀಕ ಹೊಡೆಸಿದ ನೀಲಿ, ಮತ್ತೆ ಬೂದು, ಕಾರ್ಖಾನೆಯ ಮೂಲ ಕೆಂಪು, ಕೊನೆಗೆ ಪ್ರೈಮರಿನ ತೆಳು ಗೆರೆ, ನಡುವೆ ಬೆಳ್ಳಗೆ ಹೊಳೆಯುವ ಉಕ್ಕು. ಒಂದು ಹಳೆಯ ಮಾರುತಿ ಓಮ್ನಿಯ ಪಕ್ಕದಲ್ಲಿ ಇಂಥ ಉಂಗುರಗಳನ್ನು ನೋಡುತ್ತ ನಿಂತಾಗ, ಕೆಲಸ ಇಲ್ಲಿಗೇ ನಿಲ್ಲಿಸಿ ಹೀಗೇ ಬಿಡಬಾರದೇ ಎನ್ನಿಸುವಷ್ಟು ಅದು ಸುಂದರವಾಗಿತ್ತು.

ಎಲ್ಲಿ ನಿಲ್ಲಿಸಬೇಕು ಎಂಬುದೇ ಉಜ್ಜುವವನ ಮುಂದಿರುವ ಕಷ್ಟದ ಪ್ರಶ್ನೆ. ಬೆಳ್ಳನೆಯ ಲೋಹದ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಉಳಿಯುತ್ತವೆ. ಅವು ಗುಂಡಿಗಳು, ತುಕ್ಕು ಆಳಕ್ಕಿಳಿದ ಜಾಗ. ಅವನ್ನು ಬಿಟ್ಟರೆ ತುಕ್ಕಿನ ಬೀಜ ಬಿಟ್ಟಂತೆಯೇ. ಅವು ಹೋಗುವ ತನಕ ಗ್ರೈಂಡರ್ ಹಿಡಿದರೆ ಮುಕ್ಕಾಲು ಮಿಲಿಮೀಟರಿನ ತಗಡು ಕಾಗದವಾಗುತ್ತದೆ. ಬಿಸಿಗೆ ತಗಡು ಡೊಂಕಾಗುವುದೂ ಉಂಟು. ಪೂರ್ತಿ ಶುದ್ಧಿ ಮಾಡಹೊರಟವನು ಗಾಡಿಯನ್ನೇ ಕಳೆದುಕೊಳ್ಳುತ್ತಾನೆ. ಇಲ್ಲಿ ಕೆರೆಯುವುದನ್ನು ಬಿಟ್ಟು ರಸಾಯನಕ್ಕೆ ಮೊರೆಹೋಗುತ್ತಾರೆ. ಫಾಸ್ಫಾರಿಕ್ ಆಮ್ಲವಿರುವ ದ್ರಾವಣವನ್ನು ಬ್ರಶ್ಶಿನಲ್ಲಿ ಹಚ್ಚಿದರೆ ಗುಂಡಿಯೊಳಗಿನ ತುಕ್ಕು ಕಬ್ಬಿಣದ ಫಾಸ್ಫೇಟ್ ಆಗಿ ಬದಲಾಗುತ್ತದೆ. ಟ್ಯಾನಿಕ್ ಆಮ್ಲವಿರುವ ಬಗೆ ಹಚ್ಚಿದರೆ ಕೆಂಪು ತುಕ್ಕು ನೋಡುತ್ತಿದ್ದಂತೆ ನೀಲಿಗಪ್ಪಾಗುತ್ತದೆ.

ಈ ಎರಡನೆಯದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಕಂಡಿದ್ದಾರೆ. ಎಳೆ ಅಡಿಕೆ ಸುಲಿದು ಹೋಳು ಮಾಡಿದ ಕತ್ತಿ, ಬಾಳೆಕಾಯಿ ಹೆಚ್ಚಿದ ಮೆಟ್ಟುಗತ್ತಿ ಕಪ್ಪಾಗುವುದು ಇದೇ ಟ್ಯಾನಿನ್ ಮತ್ತು ಕಬ್ಬಿಣದ ಸಂಯೋಗದಿಂದ. ಅಣಲೆಕಾಯಿಯ ಚೊಗರಿಗೆ ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ನಂಟಿನಿಂದ. ಕಾಗದದ ಮೇಲೆ ಅಕ್ಷರ ಉಳಿಸಿದ ಕಪ್ಪು ತಗಡಿನ ಮೇಲೆ ತುಕ್ಕನ್ನು ಕಟ್ಟಿಹಾಕುತ್ತದೆ. ಹೋಗದೆ ಉಳಿದ ಕೇಡನ್ನು ಇನ್ನಷ್ಟು ಕೇಡು ಮಾಡದ ಸ್ಥಿತಿಗೆ ತಂದು, ಅದು ಅಲ್ಲಿದೆ ಎಂದು ತಿಳಿದುಕೊಂಡೇ ಮುಂದಿನ ಕೆಲಸಕ್ಕೆ ಹೋಗುವುದು. ಇದನ್ನು ರಾಜಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹರಳುಗಟ್ಟಿದ ಹೆಪ್ಪು ತುಕ್ಕಿನ ಮೇಲೆ ಇದೇ ದ್ರಾವಣ ಸುರಿದು ಕೆರೆಯುವ ಶ್ರಮ ಉಳಿಸಿಕೊಳ್ಳುವವರೂ ಇದ್ದಾರೆ. ಅದು ಮೇಲ್ಪದರಕ್ಕಷ್ಟೇ ತಾಗಿ ಒಳಗೆ ಹಳೆಯ ಕಥೆ ಮುಂದುವರಿಯುತ್ತದೆ. ಕೈಲಾದಷ್ಟು ಉಜ್ಜಿದ ಮೇಲೆ ಉಳಿದದ್ದಕ್ಕೆ ಮಾತ್ರ ಮದ್ದು ಹಿಡಿಯುತ್ತದೆ.

ಇನ್ನು ನಾನು ಹೇಳಲು ಹೊರಟ ಮಾತಿಗೆ ಬರುತ್ತೇನೆ. ಉಜ್ಜಿ, ಮದ್ದು ಹಚ್ಚಿ, ಒರೆಸಿ, ಬೆಳ್ಳಗಾದ ಲೋಹದ ಮುಂದೆ ನಿಂತಾಗ ಕೆಲಸ ಮುಗಿಯಿತು, ಸತ್ಯ ಹೊರಬಿತ್ತು ಎನ್ನಿಸುತ್ತದೆ. ಗಾಡಿಗೆ ಅದಕ್ಕಿಂತ ಅಪಾಯದ ಹೊತ್ತು ಇನ್ನೊಂದಿಲ್ಲ. ಆಷಾಢದ ಸಂಜೆ ಹಾಗೆ ತೆರೆದಿಟ್ಟ ತಗಡು ಬೆಳಗಾಗುವಷ್ಟರಲ್ಲಿ ಹಳದಿಗೆ ತಿರುಗಿರುತ್ತದೆ. ನಾನೊಮ್ಮೆ ನೋಡಿದ ಬಾಗಿಲಿನ ಮೇಲೆ ಐದು ಬೆರಳುಗಳ ಸ್ಪಷ್ಟ ಗುರುತು ತುಕ್ಕಿನಲ್ಲೇ ಮೂಡಿತ್ತು. ಹಿಂದಿನ ದಿನ ಶೆಡ್ಡಿನ ಹುಡುಗನೊಬ್ಬ ಉಜ್ಜಿದ ಜಾಗ ನುಣ್ಣಗಾಗಿದೆಯೇ ಎಂದು ಅಂಗೈಯಿಟ್ಟು ನೋಡಿದ್ದ. ಬೆವರಿನ ಉಪ್ಪು ತನ್ನ ಕೆಲಸ ಮಾಡಿತ್ತು. ಶುದ್ಧ ಮಾಡಿದ ಕೈಯೇ ಮತ್ತೆ ಕೆಡಿಸಬಲ್ಲದು ಎಂದ ಮೇಲೆ ಲೋಹ ಎಷ್ಟು ನಿರಾಶ್ರಿತವಾಗಿರಬೇಕು! ಹಾಗಾಗಿ ಮೇಸ್ತ್ರಿ ಒಂದು ನಿಯಮ ಇಟ್ಟುಕೊಂಡಿದ್ದಾರೆ. ಇವತ್ತು ಪ್ರೈಮರ್ ಹೊಡೆಯಲು ಆಗುವಷ್ಟು ಜಾಗವನ್ನು ಮಾತ್ರ ಇವತ್ತು ಕೆರೆಯಬೇಕು. ಮಳೆ ಹಿಡಿದ ದಿನ, ಗಾಳಿಯೇ ನೀರಾಗಿರುವ ದಿನ, ಎಷ್ಟು ಅರ್ಜೆಂಟ್ ಎಂದರೂ ಬರಿ ಲೋಹ ಕಾಣಿಸುವುದಿಲ್ಲ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಸಲ, ಅದು ಆರುವ ಮುಂಚೆಯೇ ಒಣಬಟ್ಟೆಯಿಂದ ಇನ್ನೊಂದು ಸಲ ಒರೆಸಿ, ಮತ್ತೆ ಕೈ ತಾಗಿಸದೆ, ನೇರ ಎಪಾಕ್ಸಿ ಪ್ರೈಮರ್.

ಕೆರೆದವನ ಮೇಲೆ ಹೊದಿಸುವ ಹೊಣೆಯೂ ಇದೆ. ಇಷ್ಟು ಸಣ್ಣ ಮಾತು ನನಗೆ ತರಗತಿಯಲ್ಲಿ ಯಾಕೆ ತಿಳಿಯಲಿಲ್ಲವೋ. ಒಬ್ಬ ಹುಡುಗನ ಮನೆಯ ಕಷ್ಟ, ಒಬ್ಬ ಗೆಳೆಯನ ಸೋಲು, ಒಂದು ಕುಟುಂಬದ ಹಳೆಯ ಜಗಳ, ಇವನ್ನು ಬಯಲಿಗೆಳೆದು ನಿಜ ಮಾತಾಡಿದೆವು ಎಂದು ತೃಪ್ತಿಪಟ್ಟು ಎದ್ದುಹೋಗುವವರನ್ನು ನಾವು ನಿಷ್ಠುರವಾದಿಗಳು ಎಂದು ಗೌರವಿಸುತ್ತೇವೆ. ಎದ್ದುಹೋದ ಮೇಲಿನ ರಾತ್ರಿಯ ಬಗ್ಗೆ ಯಾರೂ ಕೇಳುವುದಿಲ್ಲ. ಬಯಲಾದ ಮನುಷ್ಯ ಬೆಳಗಾಗುವಷ್ಟರಲ್ಲಿ ಮೊದಲಿಗಿಂತ ಹೆಚ್ಚು ಗಾಸಿಗೊಂಡಿರಬಹುದು. ಇವತ್ತು ಸಂತೈಸಲು ಆಗುವಷ್ಟನ್ನು ಮಾತ್ರ ಇವತ್ತು ಕೆದಕಬೇಕು ಎಂಬ ಲೆಕ್ಕ ಶೆಡ್ಡಿನವರಿಗಿದೆ. ಮಾತು ಬಲ್ಲವರಲ್ಲಿ ಅದು ಅಪರೂಪ.

ಹೊದಿಕೆಯಿಲ್ಲದೆ ನಿಲ್ಲುವ ಕಬ್ಬಿಣ ಇಲ್ಲವೆಂದಲ್ಲ. ಕೊಲ್ಲೂರಿನ ಮೇಲೆ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಕಬ್ಬಿಣದ ಕಂಬವೊಂದಿದೆ. ಪಶ್ಚಿಮ ಘಟ್ಟದ ಆ ಮಳೆಗೆ, ಮಂಜಿಗೆ, ಕಡಲ ಕಡೆಯಿಂದ ಬೀಸುವ ಗಾಳಿಗೆ ಬರಿಮೈಯಲ್ಲಿ ನಿಂತಿದ್ದರೂ ಅದು ತಿಂದುಹೋಗಿಲ್ಲ. ಲೋಹವಿಜ್ಞಾನಿ ಟಿ.ಆರ್. ಅನಂತರಾಮನ್ ಅದರ ಬಗ್ಗೆ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ದೆಹಲಿಯ ಪ್ರಸಿದ್ಧ ಕಬ್ಬಿಣದ ಸ್ತಂಭವನ್ನು ಕಾನ್ಪುರದ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ವರ್ಷಗಳ ಕಾಲ ಅಭ್ಯಸಿಸಿ, ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಮೈಮೇಲೆ ತಾನೇ ಒಂದು ತೆಳು ರಕ್ಷಾಪದರ ಕಟ್ಟಿಕೊಂಡಿದೆ ಎಂದು ವಿವರಿಸಿದರು. ಇಂದಿನ ಉಕ್ಕಿನಿಂದ ರಂಜಕವನ್ನು ಬೇಕೆಂದೇ ತೆಗೆಯುತ್ತಾರೆ, ಅದು ಉಕ್ಕನ್ನು ಪೆಡಸು ಮಾಡುತ್ತದೆ. ಬಾನೆಟ್ಟಾಗಿ, ಕಮಾನಾಗಿ, ಬಾಗಿಲಾಗಿ ಒಂದೇ ಒತ್ತಿಗೆ ಬಾಗಬೇಕಾದ ತಗಡು ಮೆತ್ತಗಿರಬೇಕು. ಬಾಗುವ ಗುಣಕ್ಕೆ ತೆತ್ತ ಬೆಲೆ ಇದು: ಅದಕ್ಕೆ ಯಾರಾದರೂ ಹೊದಿಸುತ್ತಿರಬೇಕು. ಸ್ತಂಭವನ್ನು ಮೆಚ್ಚಬಹುದು, ಸ್ತಂಭದಲ್ಲಿ ಕುಳಿತು ಆಸ್ಪತ್ರೆಗೆ ಹೋಗಲಾಗುವುದಿಲ್ಲ.

ಹೊದಿಕೆಯೇ ಬೇಡವೆನ್ನುವುದು ಸಾಧ್ಯವಿಲ್ಲ ಎಂದಾದರೆ ಒಳ್ಳೆಯ ಹೊದಿಕೆಗೂ ಕಳ್ಳ ಹೊದಿಕೆಗೂ ವ್ಯತ್ಯಾಸ ಎಲ್ಲಿದೆ? ಎರಡೂ ಹೊಳೆಯುತ್ತವೆ. ಎರಡಕ್ಕೂ ಅದೇ ಡಬ್ಬದ ಬಣ್ಣ. ವ್ಯತ್ಯಾಸ ಪೂರ್ತಿ ಕೆಳಗಿದೆ, ಮತ್ತು ಕಾಲದಲ್ಲಿದೆ. ಕಾರಿಗೆ ಹಾಕುವ ಪುಟ್ಟಿ ಟಾಲ್ಕ್ ಪುಡಿ ಬೆರೆಸಿದ ಪಾಲಿಯೆಸ್ಟರ್ ಅಂಟು. ಅದು ತೇವ ಹೀರುತ್ತದೆ. ಎಪಾಕ್ಸಿಯ ಮೇಲೆ ತೆಳುವಾಗಿ ಎಳೆದರೆ ಡೊಂಕು ತಿದ್ದುತ್ತದೆ, ತುಕ್ಕಿನ ಮೇಲೆ ಮೆತ್ತಿದರೆ ತುಕ್ಕಿಗೆ ನೀರುಣಿಸುತ್ತದೆ. ತೂತಿಗೆ ಹಿಂದಿನಿಂದ ಜಾಲರಿ ತುರುಕಿ, ಮೇಲೆ ಪುಟ್ಟಿ ಮೆತ್ತಿ, ನುಣ್ಣಗೆ ಉಜ್ಜಿ ಬಣ್ಣ ಹೊಡೆದದ್ದು ದೀಪಾವಳಿಗೆ ಚೆನ್ನಾಗಿರುತ್ತದೆ. ಮುಂದಿನ ಮಳೆಗಾಲದ ಆಟಿ ತಿಂಗಳು ಮುಗಿಯುವಾಗ ಅದರ ಬಣ್ಣ ಏಳುತ್ತದೆ. ಮಾರುವವನಿಗೆ ಬೇಕಾದದ್ದು ದೀಪಾವಳಿಯ ತನಕದ ಬಾಳಿಕೆ. ಇಟ್ಟುಕೊಳ್ಳುವವನಿಗೆ ಬೇಕಾದದ್ದು ಆಟಿಯ ನಂತರದ್ದು. ಕೆಳಗಿನ ಕೆಲಸವನ್ನು ಈ ಎರಡು ಕಾಲಗಳಲ್ಲಿ ಯಾವುದು ನಡೆಸಿತು ಎಂಬುದು ಬಣ್ಣದ ಮೇಲೆ ಬರೆದಿರುವುದಿಲ್ಲ.

ನಮ್ಮ ವ್ಯವಸ್ಥೆಗಳೂ ಮೇಲ್ಪದರಕ್ಕೇ ಒಲಿದಿವೆ. ಎಫ್‌ಸಿಗೆ ಮುಂಚೆ ಲಾರಿ, ಬಸ್ಸು, ಆಟೊಗಳಿಗೆ ಬಣ್ಣ ಹೊಡೆಸುವುದು ವಾಡಿಕೆ. ತಪಾಸಣೆಯ ದಿನ ಗಾಡಿ ಲಕ್ಷಣವಾಗಿ ಕಾಣಬೇಕು. ಕೆರೆದು ಮಾಡಲು ಸಮಯವಿಲ್ಲ, ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆ ಇಲ್ಲ. ವಿಮೆಯದೂ ಅದೇ ದಾರಿ. ಮರ ಬಿದ್ದು ಬಾಗಿಲು ನಜ್ಜುಗುಜ್ಜಾದರೆ ಪರಿಹಾರವುಂಟು. ಅದೇ ಬಾಗಿಲು ಹತ್ತು ಮಳೆಗಾಲಗಳಲ್ಲಿ ಸದ್ದಿಲ್ಲದೆ ಸವೆದರೆ ಇಲ್ಲ, ಸವಕಳಿ ಪಾಲಿಸಿಯ ಹೊರಗೆ. ವಿಮೆಯ ಲೆಕ್ಕದಲ್ಲಿ ಅದು ಸರಿಯಿರಬಹುದು. ಆದರೆ ನಿಧಾನವಾಗಿ ಆಗುವ ನಷ್ಟವನ್ನು ನಷ್ಟವೆಂದೇ ಗುರುತಿಸದ ಅಭ್ಯಾಸ ನಮಗೆ ಎಲ್ಲ ಕಡೆಯೂ ಆಗಿಬಿಟ್ಟಿದೆ. ಬಿದ್ದವನನ್ನು ನೋಡಲು ಊರೆಲ್ಲ ಓಡಿಬರುತ್ತದೆ, ಸವೆಯುತ್ತಿರುವವನು ನಮ್ಮ ಪಕ್ಕದಲ್ಲೇ ಕುಳಿತು ಚಹಾ ಕುಡಿದು ಹೋಗುತ್ತಾನೆ.

ಸವೆಯುತ್ತಿರುವವರಲ್ಲಿ ಉಜ್ಜುವವರೂ ಇದ್ದಾರೆ. ಇದನ್ನು ಹೇಳದೆ ತುಕ್ಕಿನ ಬಗ್ಗೆ ತತ್ವ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಹಳೆಯ ಬಣ್ಣಗಳಲ್ಲಿ, ಮುಖ್ಯವಾಗಿ ಹಳದಿ, ಕಿತ್ತಳೆ ಛಾಯೆಗಳಲ್ಲಿ ಸೀಸದ ಸಂಯುಕ್ತಗಳಿರಬಹುದು. ಒಣಗಿದ್ದನ್ನು ಯಂತ್ರದಿಂದ ಉಜ್ಜಿದರೆ ಅದೇ ಧೂಳು ಮೂಗಿಗೆ. ಬಣ್ಣದಲ್ಲಿನ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿದ 2016ರ ನಿಯಮ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗಾಗಿ ಮಾಡಿದ್ದು. ಈ ಶೆಡ್ಡಿನ ಧೂಳಿಗೂ ಅದಕ್ಕೂ ಸಂಬಂಧವಿಲ್ಲ. ಬಣ್ಣದ ಜೊತೆ ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್‌ಗಳಿರುತ್ತವೆ. ಸ್ಪ್ರೇ ಗನ್ನಿನಿಂದ ಹೊರಟ ಮಂಜು ಶ್ವಾಸಕ್ಕೆ ಹೋದರೆ ಆಸ್ತಮಾ ಹಿಡಿಯಬಹುದು. ಒಮ್ಮೆ ಹಿಡಿದರೆ ಆಮೇಲೆ ಸ್ವಲ್ಪವೇ ತಾಗಿದರೂ ಉಸಿರು ಕಟ್ಟುತ್ತದೆ. ಬಾಯಿಗೆ ಕರ್ಚೀಫು ಕಟ್ಟಿಕೊಂಡರೆ ಇದು ನಿಲ್ಲುವುದಿಲ್ಲ. ಸರಿಯಾದ ಫಿಲ್ಟರ್ ಇರುವ ಮುಖಗವಸು, ಗಾಳಿ ಹೊರಹಾಕುವ ಫ್ಯಾನು, ಸಾಧ್ಯವಾದಲ್ಲಿ ಹಳೆಯ ಬಣ್ಣವನ್ನು ನೀರು ಹಾಕಿ ಉಜ್ಜಿ, ಬರಿ ಲೋಹ ಕಾಣುವ ಮುಂಚೆ ನೀರು ನಿಲ್ಲಿಸುವುದು, ಇಷ್ಟಾದರೂ ಬೇಕು. ತಗಡಿನ ಶ್ವಾಸದ ಬಗ್ಗೆ ಇಷ್ಟು ಯೋಚಿಸುವ ನಾವು ಹುಡುಗರ ಶ್ವಾಸದ ಬಗ್ಗೆ ಯೋಚಿಸದಿದ್ದರೆ ಈ ಇಡೀ ವಿದ್ಯೆ ವ್ಯರ್ಥ.

ಒಬ್ಬ ಮೀನು ಮಾರುವವರ ಗೂಡ್ಸ್ ಆಟೊ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಈ ಶೆಡ್ಡಿಗೆ ಬರುತ್ತದೆ. ಪೂರ್ತಿ ಬಣ್ಣ ಹೊಡೆಸುವಷ್ಟು ಹಣ ಅವರಲ್ಲಿಲ್ಲ. ಮೇಸ್ತ್ರಿ ಅದರ ತುಕ್ಕಿನ ಜಾಗಗಳನ್ನು ಕೆರೆದು, ಮದ್ದು ಹಚ್ಚಿ, ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೈ ಹೊಡೆದು ಹಾಗೇ ಕಳಿಸುತ್ತಾರೆ. ಆ ಕೆಂಪು ಬಣ್ಣದ ಪುಡಿ ಬೇರೇನೂ ಅಲ್ಲ, ಕಬ್ಬಿಣದ ಆಕ್ಸೈಡೇ. ತುಕ್ಕಿನ ಹತ್ತಿರದ ಬಂಧು, ನಮ್ಮ ಮುರಕಲ್ಲಿಗೂ ದೇವಸ್ಥಾನಗಳ ಕಾವಿ ಚಿತ್ತಾರಕ್ಕೂ ಕೆಂಪು ಕೊಟ್ಟದ್ದು. ಕಬ್ಬಿಣ ಕಡೆಗೆ ಏನಾಗುತ್ತದೋ ಅದೇ ಆಗಿ ಮುಗಿದಿರುವುದರಿಂದ ಅದು ಇನ್ನು ಕೆಡುವುದಿಲ್ಲ. ಅಂಟಿನಲ್ಲಿ ಕೂತು ಕೆಡಬಹುದಾದದ್ದನ್ನು ಕಾಯುತ್ತದೆ. ಪ್ರೈಮರ್ ಒಂದೇ ಬಹುಕಾಲ ತಡೆಯುವುದಿಲ್ಲ, ಮರುವರ್ಷ ಮತ್ತೆ ಬರಬೇಕು ಎಂದು ಇಬ್ಬರಿಗೂ ಗೊತ್ತು. ನೀಲಿ ಆಟೊದ ಮೇಲೆ ಇಟ್ಟಿಗೆ ಬಣ್ಣದ ತೇಪೆಗಳು ನೋಡಲು ಚೆಂದವಿಲ್ಲ. ಆದರೆ ಅದನ್ನು ಕೊಳ್ಳುವವನಿಗೆ ಅಯಸ್ಕಾಂತ ಬೇಡ. ಎಲ್ಲಿ ಏನಾಗಿತ್ತು, ಏನು ಮಾಡಿದರು ಎಂಬುದೆಲ್ಲ ಮೈಮೇಲೆಯೇ ಇದೆ.

ಎಲ್ಲ ಗಾಡಿಗಳೂ ತೇಪೆ ತೋರಿಸಿಕೊಂಡು ಓಡಬೇಕಿಲ್ಲ. ಒಳ್ಳೆಯ ದುರಸ್ತಿ ಕಾಣದಂತೆ ಆಗಬೇಕು ಎಂದು ಬಯಸುವುದರಲ್ಲಿ ತಪ್ಪಿಲ್ಲ. ತೊಂದರೆ ಇರುವುದು ನಾವು ಹಣ ಕೊಡುವ ಕ್ರಮದಲ್ಲಿ. ಪೇಂಟಿಂಗಿನ ದರವನ್ನು ಪ್ಯಾನೆಲ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಬಾಗಿಲಿಗೆ ಇಷ್ಟು, ಬಾನೆಟ್ಟಿಗೆ ಇಷ್ಟು. ಅದರೊಳಗೆ ಕೆರೆಯುವ ಗಂಟೆಗಳು ಬೇರೆಯಾಗಿ ಕಾಣುವುದೇ ಇಲ್ಲ. ಬಣ್ಣ ಹೊಡೆಯುವುದು ಸ್ವಲ್ಪ ಹೊತ್ತಿನ ಕೆಲಸ, ಅದಕ್ಕೆ ಮುಂಚಿನದು ದಿನಗಟ್ಟಲೆಯದು. ಒಬ್ಬ ಹೆಚ್ಚು ಕೆರೆದು, ಇನ್ನೊಬ್ಬ ಬರಿದೆ ಪುಟ್ಟಿ ಮೆತ್ತಿ ಒಂದೇ ದರ ಪಡೆದರೆ ಎರಡನೆಯವನೇ ಉಳಿಯುತ್ತಾನೆ. ನಾವೇ ಅವನನ್ನು ಉಳಿಸಿದ್ದೇವೆ. ತುಕ್ಕಿನ ಕೆಲಸಕ್ಕೆ ಗಾಡಿ ಕೊಡುವಾಗ ಕೆರೆಯುವ ಮತ್ತು ಪ್ರೈಮರಿನ ಕೂಲಿಯನ್ನು ಬೇರೆಯಾಗಿ ಬರೆಸಿ, ಬೇರೆಯಾಗಿ ಕೊಡಬೇಕು. ಪುಟ್ಟಿ ಬೀಳುವ ಮುಂಚೆ ಒಂದು ಸಲ ಬಂದು ನೋಡುತ್ತೇನೆ ಎಂದು ಹೇಳಬೇಕು, ಹೇಳಿದ ಹೊತ್ತಿಗೆ ಹೋಗಬೇಕು, ಯಾಕೆಂದರೆ ಬರಿ ಲೋಹ ನಿಮಗಾಗಿ ಕಾಯಲಾರದು. ನಮ್ಮ ಮೇಸ್ತ್ರಿಗೆ ಹಾಗೆ ಬಂದು ನೋಡುವ ಗಿರಾಕಿಗಳೆಂದರೆ ಇಷ್ಟ. ಕೆರೆದ ಜಾಗದ ಉಂಗುರಗಳನ್ನು ಒಂದೊಂದಾಗಿ ತೋರಿಸಿ, ಇಲ್ಲಿ ಗುಂಡಿ ಉಳಿದಿದೆ, ಇಲ್ಲಿ ಹೊಸ ತಗಡು ವೆಲ್ಡ್ ಮಾಡಿದ್ದೇನೆ, ಇದು ಮೂರು ವರ್ಷ ಬರಬಹುದು, ಇದಕ್ಕೆ ಗ್ಯಾರಂಟಿ ಕೊಡಲಾರೆ ಎಂದು ಹೇಳುತ್ತಾರೆ. ಆಮೇಲೆ ಅವರನ್ನು ಹೊರಗೆ ಕಳಿಸಿ ಕಂಪ್ರೆಸರ್ ಚಾಲೂ ಮಾಡುತ್ತಾರೆ.